ಹಿತ್ತಾಳೆ ಪೆಟ್ಟಿಗೆಗೆ ಹಿಡಿದ ಕಾಡಿಗೆ

ಓದುವ ಹಿರಿಯರ ಸನ್ನಿಧಿಗೆ ನಮಸ್ಕರಿಸಿ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರ, ಮಹಾಪ್ರಾಣಗಳಲ್ಲಿ ತಪ್ಪುವುದು ನನಗೆ ರೂಢಿ. ಏಳನೆಯ ತರಗತಿಯವರೆಗೆ ಮಾತ್ರ ಓದಿದವಳು. ಶಾಲೆಯ ಟಪಾಲು ಸಿದ್ಧ ಮಾಡುವ ಕೆಲಸದಲ್ಲಿ, ಲಕೋಟೆ ಅಂಟಿಸುವ ಮುನ್ನ ಒಳಗಿನ ಕಾಗದ ಓದಿ ಓದಿ ಬರೆಯುವ ಕ್ರಮ ಕಲಿತೆ. ಆದಕಾರಣ ಈ ಬರಹ ಅರ್ಜಿಯಂತೆ ಕಂಡರೆ ಮನ್ನಿಸಬೇಕು. ಬೇರೆ ರೀತಿ ನನಗೆ ತಿಳಿಯದು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಗರಿಬೊಮ್ಮನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಯಜಮಾನರು ಪ್ರಯೋಗಾಲಯದ ಅಟೆಂಡರ್ ಆಗಿದ್ದರು. ಕಾಮಾಲೆಯಿಂದ ತೀರಿಕೊಂಡರು. ನನಗೆ ಆಗ ಇಪ್ಪತ್ತಮೂರು. ಮುಂದಿನ ವರ್ಷ ಆಡಳಿತ ಮಂಡಳಿಯವರು ದಯೆಯಿಟ್ಟು ಅವರ ಜಾಗಕ್ಕೆ ನನ್ನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರು. ವರ್ಷಾಂತ್ಯದಲ್ಲಿ ಕೆಲಸ ತೃಪ್ತಿಕರವೆಂದು ಕಂಡರೆ ಕಾಯಂ ಮಾಡುವುದು, ಇಲ್ಲವಾದರೆ ಸದರಿ ಹುದ್ದೆಯನ್ನು ನನ್ನ ಮೈದುನನಿಗೆ ಕೊಡುವುದು ಎಂದು ಠರಾವಾಗಿತ್ತು. ಮೈದುನನ ಅರ್ಜಿ ಆಗಲೇ ಕಡತದಲ್ಲಿತ್ತು. ಅದಕ್ಕೆ ದಾರ ಕಟ್ಟಿ ಇಟ್ಟವಳೂ ನಾನೇ.

ಕೆಲಸ ಹೋದರೆ ನನಗೆ ಉಳಿಯುವುದು ಅತ್ತೆಯವರ ಅಡುಗೆಮನೆ. ಅದಕ್ಕೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಯಜಮಾನರು ಹೋದ ಮೇಲೆ ಒಂಬತ್ತು ತಿಂಗಳು ನಾನು ಅಲ್ಲಿಯೇ ಇದ್ದೆ. ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಬಿಲ್ಲೆ ಒಲೆಯಿಂದ ಹೊಸ್ತಿಲಿಗೆ ಸರಿಯುವುದನ್ನು ನೋಡುತ್ತ ಕೂಡುವುದೇ ಹೊರಗಿನ ಸುದ್ದಿಯಾಗಿತ್ತು.

ಶಾಲೆಗೂ ನಾನು ಒಬ್ಬಳೇ ಹೋಗುವಂತಿರಲಿಲ್ಲ. ಮಾವನವರು ಮುಂಜಾನೆ ಕರೆತಂದು ಬಿಡುವರು, ಮಧ್ಯಾಹ್ನ ಬುತ್ತಿ ತರುವರು, ಸಂಜೆ ಗಂಟೆ ಬಾರಿಸುವ ಮೊದಲೇ ಮೈದಾನದ ಬೇವಿನ ಮರದ ಕೆಳಗೆ ಕುಳಿತಿರುವರು. ಒಂದು ದಿನವೂ ಬೈದವರಲ್ಲ. ಆದರೆ ಅವರಿಗೆ ಬೆನ್ನು ಮಾಡಿ ನಿಂತರೂ ಅವರ ನೋಟ ನನಗೆ ತಾಗುತ್ತಿತ್ತು. ಪ್ರಯೋಗಾಲಯದ ಚಾವಣಿ ತಗಡಿನದು. ಮಧ್ಯಾಹ್ನವಾದರೆ ನೆತ್ತಿಯ ಮೇಲೆ ಯಾರೋ ಬಿಸಿ ಕೈ ಇಟ್ಟು ಒತ್ತಿದಂತೆ ಆಗುತ್ತಿತ್ತು. ಆದರೂ ಆ ಕೋಣೆಗೆ ಮೂರು ಕಿಟಕಿಗಳಿದ್ದವು.

ಮಾಘ ಮಾಸದಲ್ಲಿ ಶಾಲೆಯ ತಪಾಸಣೆ ಗೊತ್ತಾಯಿತು. ಹಿತ್ತಾಳೆ, ತಾಮ್ರದ ಸಾಮಾನುಗಳೆಲ್ಲ ಫಳಫಳ ಎನ್ನಬೇಕೆಂದು ಹೆಡ್‌ಮಾಸ್ಟರು ಆಜ್ಞಾಪಿಸಿದರು. ನಾನು ಹುಣಸೆಹಣ್ಣು, ಬೂದಿ ತಂದು ಕುಳಿತೆ. ಬೀರುವಿನಲ್ಲಿ ಸೇರಿನಷ್ಟು ದೊಡ್ಡದೊಂದು ಹಿತ್ತಾಳೆಯ ಚೌಕ ಪೆಟ್ಟಿಗೆಯಿತ್ತು. ಅದರ ಒಂದು ಮೈ ಹೊಳಪು, ಎರಡು ಮಂಕು, ಇನ್ನೊಂದು ಪೂರ್ತಿ ಕರಿ. ಮಂಕು ಮೈಗಳು ಬೇಗ ಹೊಳೆದವು, ಆ ಕರಿಯನ್ನು ತೆಗೆಯಲು ಒಂದು ಮಧ್ಯಾಹ್ನವೇ ಹಿಡಿಯಿತು. ಮುಖ ಕಾಣುವಷ್ಟು ಹೊಳೆದಾಗ, ಬಹಳ ದಿನಗಳ ಮೇಲೆ ನನ್ನ ಮುಖ ನಾನು ನೋಡಿಕೊಂಡೆ.

ತಪಾಸಣೆಯ ಹಿಂದಿನ ದಿನ ವಿಜ್ಞಾನದ ಮೇಷ್ಟ್ರು ಬೀರು ತೆರೆದವರು ಹಾಗೆಯೇ ನಿಂತರು.

"ಅಲ್ಲವ್ವಾ, ಇದರ ಕರೀ ಮೈ ಎಲ್ಲಿ ಹೋತು?"

"ತಿಕ್ಕಿ ತೆಗದೀನ್ರಿ ಸಾರ್. ಹೊಲಸು ಹಿಡದಿತ್ತು."

"ಹತ್ತು ವರ್ಷದಾಗ ಯಾರೂ ಇದನ್ನ ಇಷ್ಟು ಚೆಂದ ಕೆಡಿಸಿದ್ದಿಲ್ಲ ಬಿಡು," ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಕುದಿಯುವ ನೀರನ್ನು ಪೆಟ್ಟಿಗೆಗೆ ಸುರಿದು, "ಮುಟ್ಟಬ್ಯಾಡ. ಅಂಗೈ ಬರೇ ಎದುರಿಗೆ ಹಿಡಿ," ಎಂದರು. ನಾಲ್ಕು ಕಡೆಯೂ ಹಿಡಿದೆ. ಎಲ್ಲ ಕಡೆಯೂ ಒಂದೇ, ಸ್ವಲ್ಪವೇ ಬೆಚ್ಚಗೆ.

"ಕರೀ ಮೈ ಇದ್ದಿದ್ರ ಆ ಕಡೆ ಅಂಗೈ ಚುರುಕ್ ಅಂತಿತ್ತು. ಕಾದ ವಸ್ತು ತನ್ನ ಮೈಯಿಂದ ಶಾಖ ಸೂಸ್ತಿರ್ತೈತಿ. ನಡುವ ಗಾಳಿ ಇಲ್ದಿದ್ರೂ ದಾಟಿ ಬರ್ತೈತಿ, ಸೂರ್ಯನಿಂದ ಬಂದಂಗ. ಕರೀ ಮೈ ಜಾಸ್ತಿ ಬಿಡ್ತೈತಿ, ಹೊಳಿಯೋ ಮೈ ಒಳಗ ಇಟ್ಕೊಂತೈತಿ."

"ಒಳಗಿನ ನೀರು ಒಂದ ಅಲ್ಲೇನ್ರಿ?"

"ನೀರು ಒಂದ. ಮೈ ಬ್ಯಾರೆ."

ಪಾತ್ರೆ ಹೊಳೆದಷ್ಟೂ ಸೊಸೆ ಒಳ್ಳೆಯವಳೆನ್ನುವ ಮನೆಯವಳು ನಾನು. ಹೊಳಪು ಒಳಗಿನ ಕಾವನ್ನು ಹೊರಗೆ ಬಿಡದು ಎಂಬುದನ್ನು ಅಂದೇ ಕೇಳಿದ್ದು. ತಲೆಯ ಮೇಲಿನ ತಗಡಿನ ಒಳಮೈ ತುಕ್ಕು ಹಿಡಿದು ಕಪ್ಪಾಗಿರುವುದನ್ನೂ ಅಂದೇ ನೋಡಿದೆ.

ಮರುದಿನ ತಪಾಸಣೆಯ ಸಾಹೇಬರ ಮುಂದೆ ತೋರಿಸಬೇಕಾದದ್ದು ಈ ಪ್ರಯೋಗವನ್ನೇ ಎಂದು ಮೇಷ್ಟ್ರು ಹೇಳಿದರು. "ನೀ ತಿಕ್ಕಿದ್ದನ್ನ ನಾನಾಗಿ ಹೇಳಂಗಿಲ್ಲ. ಕೇಳಿದ್ರ ಸುಳ್ಳೂ ಹೇಳಂಗಿಲ್ಲ," ಎಂದರು. ಆ ಮೈಗೆ ದೀಪದ ಮಸಿ ಹಿಡಿದರೂ ನಡೆಯುತ್ತದೆಂದು ಸ್ಪಿರಿಟ್ ದೀಪ ಹಚ್ಚಿದರು. ಅದರ ನೀಲಿ ಉರಿಯಲ್ಲಿ ಚೂರೂ ಮಸಿ ಬರಲಿಲ್ಲ.

ಮಸಿ ಹೇಗೆ ಹಿಡಿಯಬೇಕೆಂಬುದು ನನಗೆ ಗೊತ್ತಿತ್ತು. ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ದೀಪದ ಮೇಲೆ ಹಿತ್ತಾಳೆ ತಟ್ಟೆ ಕವಿಚಿ ಕಾಡಿಗೆ ಮಾಡದ ಹೆಣ್ಣುಮಗಳು ನಮ್ಮಲ್ಲಿ ಯಾರಿದ್ದಾರೆ? ಆದರೆ ಗಂಡ ಸತ್ತವಳು ಕಾಡಿಗೆಯ ಎಣ್ಣೆ ಯಾರನ್ನು ಕೇಳಬೇಕು? ಗೇಟಿನಾಚೆ ನಾನು ಹೋಗುವಂತಿಲ್ಲ. ನಾನು ಕೇಳಬಲ್ಲವರಲ್ಲಿ ಹೊರಗೆ ಹೋಗಿ ಬರುವವರು ಮಾವನವರೊಬ್ಬರೇ, ಮತ್ತು ಅವರ ಇನ್ನೊಬ್ಬ ಮಗನ ಅರ್ಜಿ ಕಡತದಲ್ಲಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

"ಮಾವಾರ, ಒಂದೀಟು ಔಡಲೆಣ್ಣಿ ಬೇಕಾಗಿತ್ರಿ."

"ಔಡಲೆಣ್ಣಿ ಯಾಕವ್ವ ನಿನಗ?"

ಹೊಟ್ಟೆನೋವೆನ್ನಬಹುದಿತ್ತು. ಎನ್ನಲಾಗಲಿಲ್ಲ. ತಿಕ್ಕಿದ್ದು, ಕೆಡಿಸಿದ್ದು, ನಾಳೆಯ ಪ್ರಯೋಗ, ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅವರು ಟವೆಲ್ ಕೊಡವಿ ಎದ್ದು ನಡೆದರು. ಹೆಡ್‌ಮಾಸ್ಟರ ಕೋಣೆಯ ಕಡೆ ತಿರುಗಬಹುದೆಂದು ನೋಡುತ್ತ ನಿಂತೆ. ತಿರುಗದೆ ಗೇಟು ದಾಟಿದರು. ಮರಳಿದಾಗ ಅವರ ಕೈಯಲ್ಲಿ ಗಾಣಿಗರ ಮನೆಯ ಸೀಸೆಯಿತ್ತು.

ಸಂಜೆ ಗಂಟೆಯಾದ ಮೇಲೆ ಕಿಟಕಿ ಮುಚ್ಚಿ ದೀಪ ಹಚ್ಚಿದೆ. ಪೆಟ್ಟಿಗೆ ಭಾರ, ಒಂದು ಕೈಯಲ್ಲಿ ನಿಲ್ಲಲೊಲ್ಲದು. ಎಂದೂ ಆ ಹೊಸ್ತಿಲು ದಾಟದ ಮಾವನವರು ಒಳಗೆ ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದರು.

"ಉರಿ ಎತ್ತರ ಮಾಡಬ್ಯಾಡ, ಮಸಿ ಹರಳು ಕಟ್ಟತೈತಿ. ನಿಮ್ಮತ್ತಿ ಸಣ್ಣ ಬತ್ತಿ ಇಡ್ತಿದ್ಲು," ಎಂದರು.

ಮನೆಯಲ್ಲಿ ಅತ್ತೆಯವರ ಕಣ್ಣು ನನ್ನ ಬೆರಳಿನ ಮೇಲೆಯೇ ಬಿತ್ತು. "ಏನೇ ಇದು, ಕಾಡಿಗಿ! ಯಾರಿಗೆ ತೋರ್ಸಾಕ ಹಿಡದೀದಿ?"

"ಸಾಲಿ ಪೆಟ್ಟಿಗಿಗೆ ಹಿಡದಾಳ. ನೀ ರೊಟ್ಟಿ ಬಡಿ," ಎಂದರು ಮಾವ.

ಮರುದಿನ ಸಾಹೇಬರು ಪೆಟ್ಟಿಗೆಯ ಹೊಳಪು ಮೈಗೆ ಅಂಗೈ ಹಿಡಿದರು. ಕರಿ ಮೈಗೆ ಹಿಡಿದರು. "ಅಬ್ಬಾ!" ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ನನಗೆ ಉಸಿರು ಬಂತು, ಅರ್ಧ ಮಾತ್ರ. ಮಾವನವರ ಕೈಯಲ್ಲಿ ಈಗ ನನ್ನ ತಪ್ಪು ಇತ್ತು. ಮನೆಯಲ್ಲಿ ಮೈದುನನ ಹೆಸರು ಬಂದಾಗಲೆಲ್ಲ ಅವರ ಬಾಯಿ ನೋಡುತ್ತಿದ್ದೆ. ಎರಡು ತಿಂಗಳು ಹೀಗೆ ಕಳೆಯಿತು.

ವರ್ಷಾಂತ್ಯದಲ್ಲಿ ಮಂಡಳಿಯವರು ಮಾವನವರನ್ನು ಕರೆಸಿದರು. ಚಹಾ ಹಿಡಿದು ನಾನು ಬಾಗಿಲ ಹೊರಗೇ ನಿಂತಿದ್ದೆ. "ಹಿರಿಯರು ನೀವು. ಸೊಸೀನೋ, ಮಗನೋ, ಒಂದು ಮಾತು ಹೇಳಿಬಿಡ್ರಿ," ಎಂದು ಯಾರೋ ಕೇಳಿದರು. ಲೋಟದ ಮೇಲೆ ಕೆನೆ ಕಟ್ಟಿತು.

"ಅವನು ಆ ಬೀರು ತಗದೂ ನೋಡಂಗಿಲ್ರಿ. ಆಕಿಗೆ ಕೆಲಸ ಗೊತ್ತೈತಿ, ಆಕೀನ ಇರ್ಲಿ," ಎಂದರು ಮಾವ.

ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಇನ್ನೊಮ್ಮಿ ಯಾವ್ದನ್ನಾರ ತಿಕ್ಕೂ ಮುಂದ ಮೇಷ್ಟ್ರನ್ನ ಕೇಳು."

ಕೆಲಸ ಉಳಿಯಿತು. ಬೇವಿನ ಮರವೂ ಉಳಿಯಿತು. ಮುಂದೆ ಏಳು ವರ್ಷ, ಕಾಲು ನಡೆಯುವವರೆಗೆ, ಮಾವನವರು ಅದರ ಕೆಳಗೆ ಕುಳಿತೇ ಇದ್ದರು. ಮೈದುನ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದ. ಮಸಿಯಾದುದರಿಂದ ಮಕ್ಕಳ ಕೈ ತಾಗಿ ಕರಿ ಮೈ ಪ್ರತಿ ವರ್ಷ ಅಳಿಯುತ್ತಿತ್ತು. ಮಾಘದಲ್ಲಿ ನಾನು ಕಿಟಕಿ ಮುಚ್ಚಿ ದೀಪ ಹಚ್ಚುತ್ತಿದ್ದೆ. ನನಗೆ ಅನುಮತಿಯಿದ್ದ ಕಾಡಿಗೆ ಅದೊಂದೇ. ಬೆರಳಿಗೆ ಉಳಿದದ್ದನ್ನು ಒರೆಸಿಕೊಳ್ಳಲು ಆತುರಪಡುತ್ತಿರಲಿಲ್ಲ.

ಇದರಲ್ಲಿ ಕಂಡ ತಪ್ಪುಗಳನ್ನು ತಾವು ದಯಮಾಡಿ ತಿದ್ದಬೇಕು. ಉಜ್ಜಿ ತೆಗೆಯಬಾರದ್ದನ್ನು ನಾನು ಎಲ್ಲಾದರೂ ಉಜ್ಜಿಬಿಟ್ಟಿದ್ದರೆ ಅದನ್ನೂ ತೋರಿಸಿಕೊಡಬೇಕಾಗಿ ಕೋರುತ್ತೇನೆ.