ಟಗರು ಮೂಸಿದ ನೀರು

ಬಿಳಿಚೋಡು ಕಡೆಯ ತಿಪ್ಪೇಶಪ್ಪನವರು ಮಾತಿಗಿಂತ ಕೆಮ್ಮಿಗೇ ಹೆಸರಾದವರು. ಅವರು ಕೆಮ್ಮಿದರೆ ಸಾಕು, ಕುರಿ ಹಿಂಡು ಎದ್ದು ಹೊರಡುತ್ತದೆ. ಊರ ಹಿಂದಿನ ಗುಡ್ಡದ ಮೇಲೆ, ಬಂಡೆಯ ಹೊಟ್ಟೆಯಲ್ಲಿ ಮಳೆನೀರು ನಿಲ್ಲುವ ಒಂದು ದೊಣೆಯಿದೆ. ಬೇಸಿಗೆಯಲ್ಲಿ ಹಿಂಡಿಗೆ ಅದೇ ಗತಿ. ನೀರು ಮೊಗೆದು ಕಲ್ಲುಬಾನಿಗೆ ಸುರಿಯಬೇಕು, ಮೊದಲು ಟಗರು ಕುಡಿಯಬೇಕು, ಆಮೇಲೆ ಮನುಷ್ಯರು. ಇದು ಆ ಮನೆಯ ಕಟ್ಟಳೆ.

ಈಚೆಗೆ ಕುರಿ ಹಿಂಡಿನ ಜೊತೆ ಗುಡ್ಡ ಹತ್ತುವ ಖಯಾಲಿಯ ಪೇಟೆಯವರು ಭಾನುವಾರ ಭಾನುವಾರ ಬರತೊಡಗಿದರು. ಕರೆತರುವವನು ದಾವಣಗೆರೆಯ ರವಿಕುಮಾರ್. ರೊಟ್ಟಿ ಬಡಿದು ಊಟ ಹಾಕುವವಳು ತಿಪ್ಪೇಶಪ್ಪನವರ ಸೊಸೆ ಪುಷ್ಪಾ. ಕೂಲಿಗೆಂದು ಬಸ್ಸು ಹತ್ತುವುದು ತಪ್ಪಿ ಅವಳ ಮುಖ ಅರಳಿತ್ತು.

ಮಾರ್ಚಿನ ಒಂದು ಮಧ್ಯಾಹ್ನ ಹತ್ತಿ ಬಂದವರು ಬಿಸಿಲಿಗೆ ಬಸವಳಿದಿದ್ದರು. ತಿಪ್ಪೇಶಪ್ಪನವರ ಕರುಳು ಚುರುಕ್ಕೆಂದಿತು.

"ಬಂದೋರು ನೀವು, ಮೊದ್ಲು ನೀವೇ ಕುಡೀರಿ."

ಕುಡಿದವರು ದೊಣೆಗೆ ಕಾಲು ಇಳಿಬಿಟ್ಟರು, ಆಮೇಲೆ ಇಡಿಯಾಗಿ ಇಳಿದೇಬಿಟ್ಟರು. ಈಜಿದ್ದೇನು, ಫೋಟೊ ತೆಗೆದದ್ದೇನು! ಮೈಗೆ ಬಳಿದುಕೊಂಡಿದ್ದ ಕ್ರೀಮು ನೀರಿನ ಮೇಲೆ ಎಣ್ಣೆಯಂತೆ ತೇಲಿತು. ಸಂಜೆ ಟಗರು ಬಾನಿ ಮೂಸಿ ಮುಖ ತಿರುಗಿಸಿತು. ಹಿಂಡೂ ಕುಡಿಯಲಿಲ್ಲ. ತಿಪ್ಪೇಶಪ್ಪನವರಿಗೆ ಸಿಟ್ಟು ಬಂದದ್ದು ತಮ್ಮ ಮೇಲೆಯೇ.

ಮರುದಿನ ಹಿಂಡು ಹೊಡೆದುಕೊಂಡು ಹೊನ್ನಾಳಿಯ ಹೊಳೆ ಕಡೆ ನಡೆದರು.

ಗುಡ್ಡಕ್ಕೆ ಬಂದವರು ಕುರಿ ಎಲ್ಲಿ ಎಂದು ಕೇಳತೊಡಗಿದರು. ನೀರನ್ನು ಕೆಡಿಸಿದ್ದು ಯಾರೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ಬರುಬರುತ್ತಾ ಜನ ಕಡಿಮೆಯಾದರು, ಪುಷ್ಪಾಳ ಒಲೆ ತಣ್ಣಗಾಯಿತು. ಅವಳು ಫೋನು ಮಾಡಿದಳು.

"ಮಾವಾ, ದೊಣೆ ಬಳಿದು ತೊಳೆದೀವಿ. ರವಿಕುಮಾರೂ ಕೈ ಹಚ್ಚಿದ. ಇನ್ಮೇಲೆ ಯಾರನ್ನೂ ಇಳಿಯಾಕೆ ಬಿಡಲ್ಲ. ಮಳೆ ಆದ್ಮೇಲೆ ಬರ್ರಿ."

"ನಾ ಒಪ್ಪಿದ್ರೆ ಆತೇನವ್ವ? ಟಗರು ಒಪ್ಪಬೇಕು."

ಆಷಾಢದಲ್ಲಿ ಹಿಂಡು ಮರಳಿತು. ಮೊದಲ ಭಾನುವಾರ ಪುಷ್ಪಾ ಬಂದವರನ್ನೆಲ್ಲ ದೂರ ಕೂರಿಸಿದಳು. ತಿಪ್ಪೇಶಪ್ಪನವರು ನೀರು ಮೊಗೆದು ಬಾನಿಗೆ ಸುರಿದರು. ಟಗರು ಮೂಸಿತು, ತಲೆ ಎತ್ತಿತು. ಟಗರು ಮತ್ತೆ ಬಗ್ಗಿತು, ಕುಡಿಯಿತು.

ತಿಪ್ಪೇಶಪ್ಪನವರು ಬಿಂದಿಗೆಯನ್ನು ಇನ್ನೊಮ್ಮೆ ತುಂಬಿ, ಬಂದವರ ಕಡೆ ತಿರುಗಿದರು.

"ಈಗ ಕುಡೀರಿ."

ಬಾನಿಯಲ್ಲಿ ಟಗರಿನ ಜೊಲ್ಲು ನೋಡಿದ ಪೇಟೆಯವರು ತಂತಮ್ಮ ಬಾಟಲಿಗೆ ಕೈ ಹಾಕಿದರು. ಪುಷ್ಪಾ ಎದ್ದು ಬಂದು ಮಾವನ ಮುಂದೆ ಬೊಗಸೆ ಒಡ್ಡಿದಳು.