ಬೇಗ ಬಾ, ಲಗೂ ಬಾ

ದೆವ್ವ, ಶಕುನ, ಸತ್ತವರ ದನಿ ಇತ್ಯಾದಿಗಳನ್ನು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಡಿಮಿಡಿ. ಯಾರಾದರೂ ‘ನನಗೊಂದು ವಿಚಿತ್ರ ಅನುಭವವಾಯಿತು’ ಎಂದು ಶುರು ಮಾಡಿದರೆ, ‘ಅವತ್ತು ಏನು ಊಟ ಮಾಡಿದ್ದಿರಿ?’ ಎಂದು ಕೇಳುವ ಜಾತಿಯವನು ನಾನು. ಅದಕ್ಕೆ ನನ್ನ ಉದ್ಯೋಗವೂ ಕಾರಣವಿರಬಹುದು. ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೂತು, ಬೇರೆಯವರು ಸರಿಯಾಗಿದೆ ಎಂದು ಕಳಿಸಿದ ಬಿಡಿಭಾಗಗಳಲ್ಲಿ ಐಬು ಹುಡುಕುವುದೇ ನನ್ನ ಕೆಲಸವಾಗಿತ್ತು. ಸರ್ಕಾರ ನನಗೆ ಸಂಬಳ ಕೊಟ್ಟದ್ದೇ ಸಂಶಯಪಡುವುದಕ್ಕೆ. ಮನೆಯಲ್ಲಿ ಹೆಂಡತಿ ಗಿರಿಜಾ ನನಗಿಟ್ಟ ಹೆಸರು ಸಂಶಯಪಿಶಾಚಿ. ಆ ಒಂದು ಪಿಶಾಚಿಯನ್ನು ಬಿಟ್ಟರೆ ಬೇರೆ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ.

ಇಂಥ ಕಥೆಗಳು ಅಮಾವಾಸ್ಯೆಯ ರಾತ್ರಿ ನಡೆಯುವುದು ವಾಡಿಕೆ. ನನ್ನದು ನಡೆದದ್ದು ಒಂದು ಭಾನುವಾರ ಊಟವಾದ ಮೇಲೆ, ಬಿಸಿಲು ಚೆನ್ನಾಗಿ ಬಿದ್ದಿದ್ದ ಮಧ್ಯಾಹ್ನ. ಊರಿಗೆ ಮೆಟ್ರೋ ಬಂದ ಹೊಸತು. ಅಂದರೆ ತೀರ ಹಳೆಯ ಮಾತೂ ಅಲ್ಲ, ಮರೆತು ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಎನ್ನುವ ಹಾಗಿಲ್ಲ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ನಾನು ಸೋಲ್ ಸಂಗೀತದ ಹಳೆಯ ರೆಕಾರ್ಡ್ ಪ್ಲೇಟುಗಳನ್ನು ಕೂಡಿಹಾಕುವವನು. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ದೇವರನ್ನು ಕರೆಯುತ್ತಿದ್ದ ದನಿಯಲ್ಲೇ ಪ್ರೀತಿಯನ್ನೂ ಅಗಲಿಕೆಯನ್ನೂ ಹಾಡತೊಡಗಿದಾಗ ಹುಟ್ಟಿದ ಸಂಗೀತ ಅದು. ಹೆಸರೇ ಕೇಳಿರದ ಸಣ್ಣ ಕಂಪನಿಗಳು ಸ್ವಲ್ಪವೇ ಪ್ರತಿ ತೆಗೆದು ಮುಚ್ಚಿಹೋದವು. ಅಂಥ ಪ್ರತಿಗಳಿಗಾಗಿ ನಮ್ಮಂಥವರು ಜಗತ್ತಿನ ತುಂಬ ಬಾಯಿ ಬಿಟ್ಟುಕೊಂಡು ಕಾಯುತ್ತೇವೆ, ನಮ್ಮಲ್ಲಿರುವುದನ್ನು ಕೊಟ್ಟು ಇನ್ನೊಬ್ಬರಲ್ಲಿರುವುದನ್ನು ತರಿಸುತ್ತೇವೆ. ಗಿರಿಜಾಳಿಗೆ ಇದು ದೊಡ್ಡ ತಮಾಷೆ. “ಮದವಿ ಆದಾಗಿಂದ ಸೋಲಿನ ಹಾಡs ಕೇಳಾಕತ್ತೀನ್ರಿ. ಗೆಲುವಿನ ಹಾಡು ಒಂದರ ತರ್ರಿ” ಎನ್ನುತ್ತಿದ್ದಳು.

ಹುಚ್ಚು ಹತ್ತಿದ್ದು ಒಂದೇ ಒಂದು ಪ್ಲೇಟಿನಿಂದ. ಅಪ್ಪ ಧಾರವಾಡದ ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಬಂದವರು. ಅಲ್ಲಿ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಹೋಗುವಾಗ ತನ್ನ ರೆಕಾರ್ಡ್ ಪ್ಲೇಯರನ್ನೂ, ನಡುವೆ ದೊಡ್ಡ ತೂತಿದ್ದ ಒಂದು ಪುಟ್ಟ ಪ್ಲೇಟನ್ನೂ ಅಪ್ಪನಿಗೆ ಕೊಟ್ಟುಹೋದ. ಹಾಡುವವಳು ಯಾರೋ ಒಬ್ಬ ಹೆಂಗಸು. ಹಾಡಿನ ಕೊನೆಗೆ ವಾದ್ಯಗಳೆಲ್ಲ ತಟ್ಟನೆ ನಿಲ್ಲುತ್ತವೆ. ಆ ಮೌನದಲ್ಲಿ ಅವಳೊಬ್ಬಳೇ ‘ಬೆಗ್, ಬೇಬಿ’ ಎನ್ನುತ್ತಾಳೆ, ಬೇಡಿಕೊಳ್ಳುತ್ತೇನೆ ಕಣೋ ಎಂಬಂತೆ. ಇಂಗ್ಲಿಷ್ ಬಾರದ ನನ್ನ ಎಳೆಯ ಕಿವಿಗೆ ಅದು ‘ಬೇಗ ಬಾ ಬೇ’ ಎಂದು ಕೇಳುತ್ತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳನ್ನು, ತಾಯಂದಿರನ್ನು ಸಲಿಗೆಯಿಂದ ಕರೆಯುವಾಗ ‘ಬೇ’ ಹಚ್ಚುತ್ತೇವಲ್ಲ, ಹಾಗೆ. ಆ ಪ್ಲೇಟು ಒಮ್ಮೆ ಬಿಸಿಲಿಗೆ ಸೊಟ್ಟಗಾಗಿ ಹಾಳಾಯಿತು. ಅದರ ಇನ್ನೊಂದು ಪ್ರತಿಗಾಗಿ ಹುಡುಕುತ್ತ ಹುಡುಕುತ್ತಲೇ ನಾನು ಉಳಿದ ಪ್ಲೇಟುಗಳ ಬಲೆಗೆ ಬಿದ್ದೆ.

ನನ್ನ ಅಕ್ಕ ಶಾಂತಕ್ಕ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. “ಬೇಗ ಅಲ್ಲೋ ತಮ್ಮಾ, ಆಕಿ ಲಗೂ ಬಾ ಬೇ ಅಂತಾಳ” ಎಂದು ಹಟ ಹಿಡಿಯುತ್ತಿದ್ದಳು. ಬೇಗ ಎಂಬ ಪದ ನಾನು ಶಾಲೆಯ ಪುಸ್ತಕದಲ್ಲಿ ಕಲಿತದ್ದು, ನಮ್ಮ ಮನೆಮಾತಿನಲ್ಲಿ ಅದಕ್ಕೆ ಲಗೂ ಎಂದೇ. ಆದರೆ ‘ಬೆಗ್’ ಎಂಬ ಇಂಗ್ಲಿಷ್ ಮಾತು ‘ಲಗೂ’ ಎಂದು ಕೇಳುವುದು ಹೇಗೆ ಸಾಧ್ಯ? ವಯಸ್ಸಾದ ಮೇಲೂ ಈ ಜಗಳ ಮುಗಿದಿರಲಿಲ್ಲ.

ಆ ವರ್ಷ ಅಕ್ಕನ ಕಿವಿ ಕೆಡತೊಡಗಿತು. ನರ ಸೊರಗುತ್ತಿದೆ, ಸ್ವಲ್ಪ ದಿನ ಯಂತ್ರ ಹಾಕಿಕೊಂಡರೆ ಕೇಳಿಸುತ್ತದೆ, ಆಮೇಲೆ ಹೇಳಲಾಗದು ಎಂದರು ಡಾಕ್ಟರು. ಅಕ್ಕ ಅತ್ತು ಕರೆದು ಮಾಡುವವಳಲ್ಲ. ಒಂದೇ ಮಾತು ಕೇಳಿದಳು: “ಪೂರ್ತಿ ಬಂದಾಗೂದರೊಳಗ ಆ ಹಾಡು ಒಮ್ಮಿ ಕೇಳಸ್ತೀಯೇನೋ?” ಅವ್ವ ಸತ್ತಾಗ ನಾನು ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ನನ್ನನ್ನು ಬೆಳೆಸಿದವಳು ಶಾಂತಕ್ಕ. ಅವಳು ನನ್ನಲ್ಲಿ ಬೇರೇನನ್ನೂ ಎಂದೂ ಕೇಳಿರಲಿಲ್ಲ.

ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೆಯ ಪುಸ್ತಕ ಹರಡುವವರನ್ನೆಲ್ಲ ಕೇಳಿದೆ. ವಿದೇಶದ ಗೆಳೆಯರಿಗೆ ಬರೆದೆ. ಕೊನೆಗೆ ಸಿಕ್ಕಿದ್ದು ಬೇಗಂ ಬಜಾರಿನ ಚನ್ನಬಸಪ್ಪನ ಹತ್ತಿರ. ಅವನು ಬಸವಕಲ್ಯಾಣದ ಕಡೆಯವನು, ಪಾತ್ರೆಗಳ ಸಗಟು ವ್ಯಾಪಾರಿ. ಹಳೆಯ ಮನೆಗಳ ಹಿತ್ತಾಳೆ ಸಾಮಾನು ಕೊಳ್ಳುವಾಗ ಅದರ ಜೊತೆ ಬರುವ ಪ್ಲೇಟುಗಳನ್ನು ನಮ್ಮಂಥ ಹುಚ್ಚರಿಗೆಂದು ತೆಗೆದಿಡುತ್ತಿದ್ದ. ಸಿಕಂದರಾಬಾದಿನ ಯಾವುದೋ ಬಂಗಲೆಯಿಂದ ಬಂದ ಪೆಟ್ಟಿಗೆಯಲ್ಲಿ ನನ್ನ ಪ್ಲೇಟು ಇತ್ತು. ಅವನಿಗೆ ಗಜಲಿನ ಹುಚ್ಚು. ನನ್ನಲ್ಲಿದ್ದ ಗಜಲಿನ ಪ್ಲೇಟುಗಳನ್ನು ಕೊಟ್ಟು ಇದನ್ನು ತೆಗೆದುಕೊಂಡೆ. ಅವತ್ತು ಅಕ್ಕನೂ ಜೊತೆಗಿದ್ದಳು. ಅಂಗಡಿಯಲ್ಲಿಯೇ ನಮ್ಮ ಬೇಗ-ಲಗೂ ಜಗಳ ಇನ್ನೊಮ್ಮೆ ನಡೆಯಿತು. ಚನ್ನಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಇದನ್ನು ನೆನಪಿಟ್ಟುಕೊಳ್ಳಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನನ್ನ ವೇದ. ಸೋಲ್ ಪ್ಲೇಟುಗಳಲ್ಲಿ ನಕಲಿ ಬಹಳ. ಮನೆಗೆ ತಂದವನೇ ಭೂತಗನ್ನಡಿ ಹಿಡಿದು ಕೂತೆ. ಹಾಡಿನ ಗೆರೆಗಳು ಮುಗಿದು, ಕಂಪನಿಯ ಹೆಸರಿರುವ ದುಂಡು ಚೀಟಿ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ, ಅಸಲಿಯಾದರೆ, ತಯಾರಿಸಿದವನು ಕೈಯಿಂದ ಗೀಚಿದ ಅಕ್ಷರಗಳಿರುತ್ತವೆ. ಇದರಲ್ಲಿ ಇದ್ದವು. ಅಂಚಿನಲ್ಲಿ ಉಗುರಿನಾಕಾರದ ಒಂದು ಸೀಳು ಇತ್ತು, ಅದನ್ನೂ ಗುರುತಿಟ್ಟುಕೊಂಡೆ. ಆ ವಾರವೆಲ್ಲ ಹಾಕಿ ಕೇಳಿದೆ. ಪ್ರತಿ ಸಲವೂ ಸ್ಪಷ್ಟವಾಗಿ ‘ಬೆಗ್, ಬೇಬಿ.’ ಗೆದ್ದೆ ಎಂದುಕೊಂಡು ಭಾನುವಾರಕ್ಕೆ ಕಾದೆ.

ಅಕ್ಕ ಅಮೀರ್‌ಪೇಟ್‌ನಲ್ಲಿ ರೈಲು ಬದಲಿಸಿ ಊಟದ ಹೊತ್ತಿಗೆ ಬಂದಳು. ಊಟವಾಯಿತು. ಗಿರಿಜಾ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಕಿವಿಯ ಯಂತ್ರವನ್ನು ಸರಿಮಾಡಿಕೊಂಡು ಸ್ಪೀಕರಿಗೆ ಅಂಟಿಕೊಂಡಂತೆ ಕೂತಳು. ನಾನು ಪ್ಲೇಟಿನ ಮೇಲೆ ಮುಳ್ಳು ಇಳಿಸಿ, ತಿರುಗುವ ಚೀಟಿಯನ್ನೇ ನೋಡುತ್ತ ನಿಂತೆ. ಅಕ್ಕನ ಮುಖ ನೋಡಲಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ.

ಹಾಡು ಕೊನೆಗೆ ಬಂತು. ವಾದ್ಯಗಳು ನಿಂತವು. ಆ ಮೌನದಲ್ಲಿ, ಒಂದು ಹೆಣ್ಣು ದನಿ, “ಲಗೂ ಬಾ ಬೇ” ಎಂದಿತು.

“ಬಂದೆ ಬೇ” ಎಂದಳು ಅಕ್ಕ ಆ ಕ್ಷಣವೇ, ಸಣ್ಣ ಹುಡುಗಿ ಓಗೊಟ್ಟ ಹಾಗೆ. ಹೇಳಿ, ಎದ್ದೂ ನಿಂತಿದ್ದಳು.

ಅಷ್ಟರಲ್ಲಿ ಗಿರಿಜಾ ಒದ್ದೆ ಕೈಯಲ್ಲೇ ಓಡಿಬಂದಳು. “ಏನಾತ್ರಿ? ಯಾರು ಕರದ್ರು ನನ್ನ? ಲಗೂ ಬಾ ಅಂದಂಗಾತು!”

ನನಗೂ ಕೇಳಿದ್ದು ಅದೇ. ಆದರೆ ಸ್ವಭಾವ ಎಲ್ಲಿ ಹೋಗಬೇಕು? ಮುಳ್ಳನ್ನು ಎತ್ತಿ ಮತ್ತೆ ಅದೇ ಜಾಗಕ್ಕೆ ಇಳಿಸಿದೆ. ‘ಬೆಗ್, ಬೇಬಿ’ ಎಂದಳು ಹಾಡುಗಾರ್ತಿ. ಮತ್ತೆ ಇಳಿಸಿದೆ. ‘ಬೆಗ್, ಬೇಬಿ.’

“ಅಕ್ಕಾ, ನೀನs ಅಂದಿ ಹೌದಲ್ಲ?” ಎಂದೆ.

“ನಾ ಯಾಕ ಅನ್ನಲೋ? ನಾ ಬಂದೆ ಅಂದೆ. ಕರದಾಕಿ ಅವ್ವ.”

ಆಗ ಅವಳು ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರದ ಸಂಗತಿ. ಪ್ಲೇಟು ಮನೆಗೆ ಬಂದಾಗ ಅವ್ವ ಇನ್ನೂ ಇದ್ದಳಂತೆ. ಹಾಡು ಆ ಮೌನಕ್ಕೆ ಬಂದ ಕೂಡಲೆ, ಹಾಡುಗಾರ್ತಿ ಬಾಯಿ ತೆರೆಯುವುದರೊಳಗೆ, ಅವ್ವ ಅಡಿಗೆಮನೆಯಿಂದ ‘ಲಗೂ ಬಾ ಬೇ’ ಎಂದು ಕೂಗುತ್ತಿದ್ದಳಂತೆ. ಅಕ್ಕ ‘ಬಂದೆ ಬೇ’ ಎಂದು ಓಡಬೇಕು. ಅದು ತಾಯಿ-ಮಗಳ ಆಟ. ಅಕ್ಕನ ಪಾಲಿಗೆ ಹಾಡೂ ಕರೆಯೂ ಸೇರಿ ಒಂದೇ ಆಗಿಹೋಗಿದ್ದವು.

“ಅವ್ವನ ದನಿ ಅಂತ ನಿನಗ ಹೆಂಗ ಗೊತ್ತು?” ಎಂದೆ. ಎಂಥ ಪ್ರಶ್ನೆ! ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆ ಇತ್ತು. ಅವ್ವನ ದನಿ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಒಂದು ಫೋಟೋ ಬಿಟ್ಟರೆ ನನ್ನ ಪಾಲಿಗೆ ಅವಳು ಏನೂ ಇಲ್ಲ. ಅಪ್ಪನೂ ಹೋದ ಮೇಲೆ ಆ ದನಿಯನ್ನು ಬಲ್ಲ ಕಿವಿಗಳು ಪ್ರಪಂಚದಲ್ಲಿ ಎರಡೇ ಉಳಿದಿದ್ದವು, ಅವೂ ಮುಚ್ಚುತ್ತಿದ್ದವು.

ಆ ಸಂಜೆಯಿಂದ ನನ್ನ ತಪಾಸಣೆ ಶುರುವಾಯಿತು. ಮೊದಲ ಸಂಶಯ ಅಕ್ಕನ ಮೇಲೆಯೇ. ನಾನು ಅವಳ ಮುಖ ನೋಡಿರಲಿಲ್ಲ. ತನಗೇ ತಿಳಿಯದಂತೆ ಅವಳೇ ಕರೆದು ಅವಳೇ ಓಗೊಟ್ಟಿರಬಾರದೇಕೆ? ಆದರೆ ಗಿರಿಜಾ ಆಣೆ ಮಾಡಿ ಹೇಳಿದಳು: “ಶಾಂತಕ್ಕನ ದನಿ ನನಗ ಗೊತ್ತಿಲ್ಲೇನ್ರಿ? ಅದು ಎಳೀ ಹೆಂಗಸಿನ ದನಿ.” ಅವ್ವ ಸತ್ತದ್ದು ಎಳೆಯ ವಯಸ್ಸಿನಲ್ಲೇ. ಇದನ್ನು ಗಿರಿಜಾ ಬಲ್ಲಳಾದ್ದರಿಂದ, ಅವಳ ಸಾಕ್ಷಿಯನ್ನೂ ನಾನು ಪೂರ್ತಿ ನಂಬಲಿಲ್ಲ. ಇಬ್ಬರೂ ಸೇರಿ ನನ್ನನ್ನು ಮಂಗ ಮಾಡುತ್ತಿದ್ದಾರೆಯೇ ಎಂದೂ ಅನ್ನಿಸಿತು. ಪಕ್ಕದ ಮನೆಗೆ ಹೋಗಿ ಮಧ್ಯಾಹ್ನ ಟೀವಿಯಲ್ಲಿ ಏನು ನೋಡುತ್ತಿದ್ದಿರಿ ಎಂದು ಕೇಳಿಬಂದೆ. ಅವರದು ತೆಲುಗು ಮನೆ, ಅಲ್ಲಿ ಲಗೂ ಎಲ್ಲಿಂದ ಬರಬೇಕು?

ಮರುದಿನ ಬೇಗಂ ಬಜಾರಿಗೆ ನಡೆದೆ. ಪ್ಲೇಟಿನ ಮಂದಿಯಲ್ಲಿ ಕನ್ನಡ ಬಲ್ಲವನು, ನಮ್ಮ ಜಗಳ ಕೇಳಿ ನಕ್ಕವನು ಚನ್ನಬಸಪ್ಪನೊಬ್ಬನೇ. ಈಗ ಒಂದೊಂದೇ ಪ್ಲೇಟು ಕೊರೆದುಕೊಡುವ ಯಂತ್ರಗಳೂ ಬಂದಿವೆ. ತಮಾಷೆಗೆ ಏನಾದರೂ ಮಾಡಿಸಿ, ನಡುವೆ ಅದಲುಬದಲು ಮಾಡಿರಬಹುದೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೇನೋ ಎಂದು, ನಡೆದದ್ದನ್ನೆಲ್ಲ ಹೇಳಿ, ಅವನನ್ನೇ ಗಮನಿಸುತ್ತ ಕೇಳಿದೆ. ಅವನು ಮುಟ್ಟಿಕೊಳ್ಳಲಿಲ್ಲ. ಸ್ಟೀಲ್ ಡಬ್ಬಿಗಳ ಗುಡ್ಡದ ಹಿಂದಿನಿಂದ ನನ್ನನ್ನು ಕೆಕ್ಕರಿಸಿ ನೋಡಿದ.

“ಸಾಹೇಬ್ರ, ನಾ ಪಾತ್ರಿ ಮಾರಾಂವ, ದೆವ್ವ ಮಾರಾಂವಲ್ಲ. ನಿಮ್ಮ ಮನೀಗೆ ನಾ ಯಾವತ್ತರ ಬಂದೀನೇನು?”

ಬಂದಿರಲಿಲ್ಲ. ಡಬ್ಬಿಗಳನ್ನು ಬದಿಗೆ ಸರಿಸಿ ಅವನೇ ದನಿ ಇಳಿಸಿ ಕೇಳಿದ: “ಖರೇನs ಅವ್ವನ ದನಿ ಇತ್ತೇನ್ರಿ? ಮತ್ತ ನೀವು ಸುಮ್ನ ಕುಂತು ಕೇಳೂದ ಬಿಟ್ಟು ಇಲ್ಲಿಗೆ ಯಾಕ ಬಂದ್ರಿ?”

ನಾನು ಅಲ್ಲಿಂದ ಎದ್ದೆ. ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಅದೇ ಕೈಬರಹ, ಅದೇ ಉಗುರಿನಾಕಾರದ ಸೀಳು. ಅದೇ ಪ್ಲೇಟು. ಎಷ್ಟು ಸಲ ಹಾಕಿದರೂ ‘ಬೆಗ್, ಬೇಬಿ.’ ಆ ಒಂದು ಸಲ ಕೇಳಿದ ದನಿಯನ್ನು ನೆನಪಿನಲ್ಲಿ ಹಿಡಿಯಲು ಹೋದರೆ ಮಾತು ನೆನಪಾಗುತ್ತದೆ, ದನಿ ಆಗುವುದಿಲ್ಲ. ಅದು ಅವ್ವನದೇ ಆಗಿದ್ದರೆ, ಜೀವಮಾನದಲ್ಲಿ ಒಮ್ಮೆ ಕಿವಿಗೆ ಬಿದ್ದದ್ದನ್ನು ನಾನು ಮುಳ್ಳೆತ್ತಿ ತಪಾಸಣೆ ಮಾಡುವುದರಲ್ಲೇ ಕಳೆದುಕೊಂಡೆ. 

ಆಮೇಲೆ ಅಕ್ಕನ ಕಿವಿ ಪೂರ್ತಿ ಹೋಯಿತು. ಯಂತ್ರವೂ ಕೆಲಸಕ್ಕೆ ಬಾರದಾಯಿತು. ಈಗ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ವಿದೇಶದ ಒಬ್ಬರು ಆ ಪ್ಲೇಟಿಗೆ ಬದಲಾಗಿ ನಾನು ಆಸೆಪಟ್ಟಿದ್ದನ್ನೆಲ್ಲ ಕೊಡುತ್ತೇನೆಂದರು. ಕೊಡಲಿಲ್ಲ.

ಮೊನ್ನೆ ಅಕ್ಕ ಬಂದಾಗ, ಆ ಪ್ಲೇಟು ಹಾಕು ಎಂದು ಸನ್ನೆ ಮಾಡಿದಳು. ನಾನು ಹಾಕಿದೆ. ಅವಳು ಕಣ್ಣು ಮುಚ್ಚಿ ಅಂಗೈಯನ್ನು ಸ್ಪೀಕರಿನ ಮೇಲಿಟ್ಟುಕೊಂಡು ಕೂತಳು. ಈ ಸಲ ನಾನು ಚೀಟಿ ನೋಡಲಿಲ್ಲ, ಅಕ್ಕನ ತುಟಿಗಳನ್ನೇ ನೋಡುತ್ತಿದ್ದೆ. ವಾದ್ಯಗಳು ನಿಂತವು. ಅಕ್ಕನ ತುಟಿ ಅಲುಗಲಿಲ್ಲ. ‘ಬೆಗ್, ಬೇಬಿ’ ಎಂದಿತು ಪ್ಲೇಟು.

“ಬಂದೆ ಬೇ” ಎಂದಳು ಅಕ್ಕ, ನಗುತ್ತ.

ಕಂಪನ ನಿಂತದ್ದು ಅಂಗೈಗೆ ತಿಳಿದಿರಬೇಕು, ಹಳೆಯ ಅಭ್ಯಾಸದಿಂದ ಅಂದಿರಬೇಕು. ತಪಾಸಣೆಯವನಾಗಿ ನಾನು ಬರೆಯಬಹುದಾದ ವರದಿ ಇಷ್ಟೇ. ಆದರೆ ಅವಳ ಮುಖದಲ್ಲಿದ್ದದ್ದು ಅಭ್ಯಾಸವಲ್ಲ, ಯಾರೋ ಕರೆದದ್ದಕ್ಕೆ ಓಗೊಟ್ಟ ಸಂತೋಷ. ನಮ್ಮಿಬ್ಬರಲ್ಲಿ ಕಿವಿ ಹೋಗಿರುವುದು ಯಾರದು ಎಂಬುದೇ ಈಗ ನನಗಿರುವ ಸಂಶಯ.