ಭಟ್ಟಿ ಆರುವ ತನಕ

ಬೇಯುವ ತನಕ ತಾಳಿದವನು ಆರುವ ತನಕ ತಾಳಲಾರನೇ ಎಂದು ಗಾದೆ ಕೇಳುತ್ತದೆ. ಕಾಪುವಿನ ಪುತ್ತುಬ್ಬನನ್ನು ಕೇಳಿದ್ದರೆ, ತಾಳಲಾರ ಎಂದು ಸಂಕೋಚವಿಲ್ಲದೆ ಹೇಳುತ್ತಿದ್ದ.

ಗಾಜಿನ ಮೇಲೆ ಚಿತ್ರ ಬರೆದು, ಬಣ್ಣ ಕಚ್ಚುವಂತೆ ಸುಡುವ ಕಸುಬನ್ನು ಮುಂಬಯಿಯಲ್ಲಿ ಕಲಿತು, ಎಪ್ಪತ್ತೆಂಟನೇ ಇಸವಿಯಲ್ಲಿ ಊರಿಗೆ ಬಂದವನು ಹಿತ್ತಿಲ ಶೆಡ್ಡಿನಲ್ಲಿ ಅದಕ್ಕೆಂದೇ ಇಟ್ಟಿಗೆಯಿಂದ ಭಟ್ಟಿ ಕಟ್ಟಿದ. ಕೆಲಸದಲ್ಲಿ ಬಲು ಜಾಗ್ರತೆಯವನು. ಬಣ್ಣದಲ್ಲಿ ಸೀಸ ಇದೆಯೆಂದು ನೀರು ಹಾಕಿಯೇ ಅರೆಯುವನು. ಶೆಡ್ಡಿನೊಳಗೆ ಚಹಾ, ಬೀಡಿ ಯಾವುದೂ ಕೂಡದು. ಬೆಂಕಿ ಹಾಕಿದರೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಮನೆಯವರನ್ನು ದೂರ ಅಟ್ಟುವನು. ಆದರೆ ಗಾಜು ಬೆಂದು, ಕೆಂಡ ಹೊರಗೆಳೆದು, ಭಟ್ಟಿಯ ಬಾಯಿಗೆ ಮಣ್ಣು ಮೆತ್ತಿದ ಮೇಲೆ ಬಾಲ ಸುಟ್ಟ ಬೆಕ್ಕಿನಂತೆ ಅದರ ಸುತ್ತ ಸುತ್ತುವುದೇ ಸುತ್ತುವುದು. ಬಿಸಿಯಲ್ಲಿ ತೆರೆದರೆ ತಣ್ಣನೆಯ ಗಾಳಿ ತಾಗಿ ಗಾಜು ಸೀಳುತ್ತದೆಂದು ಗೊತ್ತು. ಗೊತ್ತಿದ್ದೂ ಎರಡು ಸಲ ತೆರೆದು ತಲೆ ಚಚ್ಚಿಕೊಂಡಿದ್ದ. ಕೊನೆಗೆ ತಾನೇ ಒಂದು ಉಪಾಯ ಹೂಡಿದ: ಮಣ್ಣು ಮೆತ್ತಿದವನೇ ಬಸ್ಸು ಹತ್ತಿ ಕಾರ್ಕಳದ ಅಕ್ಕ ರಾಬಿಯಾಳ ಮನೆಗೆ ಓಡುವುದು, ಮರುದಿನ ಬರುವುದು. ಅಕ್ಕನ ನೆರೆಕರೆಯವರಿಗೆ ಅವನ ಮುಖ ಕಂಡರೆ ಸಾಕು, ಕಾಪುವಿನಲ್ಲಿ ಗಾಜು ಆರುತ್ತಿದೆ ಎಂದು ನಗುತ್ತಿದ್ದರು.

ಎಂಬತ್ತೆರಡರಲ್ಲಿ ರಾಬಿಯಾ ಹೊಸ ಮನೆ ಕಟ್ಟಿಸಿದಳು. ಬಾಗಿಲ ಮೇಲಿನ ಕಮಾನಿಗೆ ತಮ್ಮನ ಕೈಯ ಹೂಬಳ್ಳಿಯೇ ಬೇಕೆಂದಳು. ಮುಂಬಯಿಯಿಂದ ತಂದ ಕೆಂಪು ಗಾಜಿನಲ್ಲಿ ಉಳಿದದ್ದು ಒಂದೇ ಹಾಳೆ. ಅಂಥದ್ದು ಮತ್ತೆ ಸಿಗುವ ಹಾಗಿರಲಿಲ್ಲ. ಪುತ್ತುಬ್ಬ ಬರೆದ, ಸುಟ್ಟ, ಮಣ್ಣು ಮೆತ್ತಿದ, ವಾಡಿಕೆಯಂತೆ ಬಸ್ಸು ಹತ್ತಿದ.

ಕಾರ್ಕಳದಲ್ಲಿ ಅಕ್ಕನ ಬಾಗಿಲಿಗೆ ಬೀಗ. ತಲೆಯೆತ್ತಿದರೆ ಗಾಜಿಲ್ಲದ ಕಮಾನು ಬೊಚ್ಚುಬಾಯಿ ತೆರೆದು ನಿಂತಿತ್ತು. ಭಟ್ಟಿಯೊಳಗೆ ಗಾಜು ಏನಾಗಿದೆಯೋ ಏನೋ, ಈಗಲೇ ನೋಡಬೇಕು! ನಿಂತ ಕಾಲಲ್ಲೇ ತಿರುಗಿ ಕಾಪುವಿನ ಬಸ್ಸು ಹಿಡಿದ.

ಹಿತ್ತಿಲಿಗೆ ನುಗ್ಗಿದರೆ, ಶೆಡ್ಡಿನ ಹೊರಗೆ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಕಿ ರಾಬಿಯಾ ಕೂತಿದ್ದಳು, ಎಲೆಅಡಿಕೆ ಮೆಲ್ಲುತ್ತ.

"ನೀನು ಇಲ್ಲಿ ಎಂತ ಮಾಡ್ತಿದ್ದೀ?"

"ನಿನ್ನನ್ನು ಕಾಯ್ತಿದ್ದೇನೆ. ಇವತ್ತು ಗಾಜು ಸುಡುವುದು ಅಂತ ನೀನೇ ಹೇಳಿದ್ದೆಯಲ್ಲ. ಆ ಖಾಲಿ ಕಮಾನು ನೋಡಿದ ಮೇಲೆ ನೀನು ಅಲ್ಲಿ ನಿಲ್ಲುವ ಜನವಾ ಮಾರಾಯ? ತಿರುಗಿ ಓಡಿ ಬರ್ತೀಯ ಅಂತ ನನಗೆ ಗೊತ್ತುಂಟು."

"ಒಂದೇ ಒಂದು ಇಟ್ಟಿಗೆ ಸರಿಸಿ ನೋಡ್ತೇನೆ."

"ಮೊದಲು ನನ್ನನ್ನು ಸರಿಸು."

ರಾಬಿಯಾ ಯಾರಾದರೂ ಸರಿಸುವ ಗಾತ್ರದವಳಾಗಿರಲಿಲ್ಲ. ಪುತ್ತುಬ್ಬ ಚಾಪೆಯ ತುದಿಯಲ್ಲಿ ಕೂತ. ಮರುದಿನ ಇಟ್ಟಿಗೆ ಕೈಗೆ ತಣ್ಣಗೆ ತಾಗಿದ ಮೇಲೆಯೇ ಅವಳು ಎದ್ದದ್ದು. ಗಾಜು ಕೂದಲೆಳೆಯ ಬಿರುಕೂ ಇಲ್ಲದೆ ಹೊರಬಂತು. ಪುತ್ತುಬ್ಬನಿಗೆ ಸಂತೋಷಕ್ಕೆ ಅಳುವೇ ಬಂತು. ಅಕ್ಕನೆದುರು ಅದಕ್ಕೇನು ನಾಚಿಕೆ?

ಆಮೇಲೂ ಭಟ್ಟಿ ಮುಚ್ಚಿ ಕಾರ್ಕಳಕ್ಕೆ ಓಡುವುದು ನಿಲ್ಲಲಿಲ್ಲ. ಆದರೆ ಅಕ್ಕನ ಚಾವಡಿಯಲ್ಲಿ ಕಮಾನಿನ ಕೆಂಪು ಬೆಳಕು ಬೀಳುವ ಕಡೆ ಕೂತರೆ ಅವನಿಗೆ ಏಳುವ ಮನಸ್ಸೇ ಆಗದು. ಎರಡು ದಿನ ಕಳೆದ ಮೇಲೆ ಅಕ್ಕನೇ ಗದರಬೇಕು:

"ನಿನ್ನ ಗಾಜು ಆರಿ ಎಷ್ಟು ಹೊತ್ತಾಯ್ತು! ಹೋಗಿ ಭಟ್ಟಿ ತೆರೆ ಮಾರಾಯ!"